ಅಮ್ಮ ಕಂಡ ಆರಿದ್ರೆ

ಅಮ್ಮ ಆರು ತಿಂಗಳಿಗೆಂದು ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಓಕ್ಲೆಂಡ್‌ಗೆ ಬಂದಿದ್ದರು. ಗೌರಿಬಿದನೂರು ಪಕ್ಕದ ನಮ್ಮ ಹಳ್ಳಿ ಬಿಟ್ಟು ಅಷ್ಟು ದಿನ ಅವರು ಎಲ್ಲೂ ಇದ್ದವರಲ್ಲ. ಮೊದಲ ತಿಂಗಳಲ್ಲೇ ಸೇತುವೆ, ಸಮುದ್ರ, ದೇವಸ್ಥಾನ ಎಲ್ಲ ನೋಡಿ ಮುಗಿಯಿತು. ಒಂದು ಶನಿವಾರ ಸಂಜೆ "ಬಾರಮ್ಮ, ಶನಿ ನೋಡಿಕೊಂಡು ಬರೋಣ" ಅಂದೆ. ಅಮ್ಮ ಇನ್ನೊಂದು ದೇವಸ್ಥಾನ ಅಂದುಕೊಂಡರು. "ಎಳ್ಳೆಣ್ಣೆ ತಗೊಳ್ಳಲಾ?" ಅಂತ ಕೇಳಿದರು.

ಓಕ್ಲೆಂಡ್ ಊರಿನ ಮೇಲಿರುವ ಬೆಟ್ಟದಲ್ಲಿ ಚಾಬೋ ಅನ್ನುವ ವಿಜ್ಞಾನ ಕೇಂದ್ರ ಇದೆ. ಅಲ್ಲಿನ ವೀಕ್ಷಣಾಲಯ ಶುರುವಾಗಿದ್ದು 1883ರಲ್ಲಿ. ದೊಡ್ಡ ಟೆಲಿಸ್ಕೋಪುಗಳು ಮೂರು, ಮೂರಕ್ಕೂ ಹೆಣ್ಣುಮಕ್ಕಳ ಹೆಸರು. ಲೀಯಾ, ರೇಚಲ್, ನೆಲ್ಲಿ. ಶುಕ್ರವಾರ, ಶನಿವಾರ ರಾತ್ರಿ ಆಕಾಶ ತಿಳಿಯಾಗಿದ್ದರೆ ಯಾರು ಬೇಕಾದರೂ ಹೋಗಿ ನೋಡಬಹುದು. ದುಡ್ಡು ಕೊಡಬೇಕಿಲ್ಲ. ತೊಂದರೆ ಒಂದೇ, ಇಲ್ಲಿ ಸಮುದ್ರದ ಕಡೆಯಿಂದ ಮಂಜು ನುಗ್ಗಿಬಿಡುತ್ತದೆ. ಎರಡು ವಾರ ಬೆಟ್ಟ ಹತ್ತಿ ಸುಮ್ನೆ ವಾಪಸ್ ಬಂದೆವು. ಮೂರನೇ ವಾರ ಶನಿ ಸಿಕ್ಕ.

ರೇಚಲ್‌ಗೆ 20 ಅಂಗುಲದ ಮಸೂರ. 1916ರದು. ಗುಮ್ಮಟದೊಳಗೆ ಕತ್ತಲು, ಅಲ್ಲಲ್ಲಿ ಕೆಂಪು ದೀಪ ಮಾತ್ರ. ಬಿಳಿ ದೀಪ ಹಾಕಿದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಮಂಕಾಗುತ್ತದೆ, ಅದಕ್ಕೆ. ಮುಂದೆ ಏಣಿ. ಅಮ್ಮ ಸ್ವೆಟರ್ ಎಳೆದುಕೊಂಡು, ನೆರಿಗೆ ಎತ್ತಿ ಸಿಕ್ಕಿಸಿಕೊಂಡರು. ಅವರದೇ ವಯಸ್ಸಿನ ಸ್ವಯಂಸೇವಕಿಯೊಬ್ಬರು ಮೊಣಕೈ ಹಿಡಿದು ಹತ್ತಿಸಿದರು. ಮೊದಲು ಏನೂ ಕಾಣಲಿಲ್ಲ, ತಮ್ಮ ರೆಪ್ಪೆಯೇ ಅಡ್ಡ. ಆಕೆ ಕೈಸನ್ನೆಯಲ್ಲೇ ಇನ್ನೊಂದು ಕಣ್ಣು ಮುಚ್ಚಲು ಹೇಳಿಕೊಟ್ಟರು. ಆಮೇಲೆ ಅಮ್ಮನ ಧ್ವನಿ ಇಡೀ ಗುಮ್ಮಟಕ್ಕೆ ಕೇಳಿಸಿತು. "ಅಯ್ಯೋ, ಬಳೆ ಹಾಕ್ಕೊಂಡಿದ್ದಾನಲ್ಲೋ!"

ಆ ಬೆಳಕು ಶನಿಯಿಂದ ಹೊರಟು ಸುಮಾರು ಒಂದೂಕಾಲು ಗಂಟೆ ಆಗಿತ್ತು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಲ್ಲಿ ಹೋಗುವಷ್ಟು ಹೊತ್ತು ಅಂತ ಅಮ್ಮನಿಗೆ ಹೇಳಿದೆ. ಅವರು ಕೇಳಿಸಿಕೊಳ್ಳದೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಿದ್ದರು. ಮುಂದಿನ ಶನಿವಾರವೂ ಮನೆಯಲ್ಲಿ ಎಳ್ಳೆಣ್ಣೆ ದೀಪ ಹಚ್ಚಿದರು. ಗುರುತಿದ್ದವರನ್ನು ಮಾತಾಡಿಸುವಾಗಿನ ಕಳೆ ಮುಖದಲ್ಲಿತ್ತು.

ಇಲ್ಲಿ ಆಕಾಶ ನೋಡಲು ಬೆಟ್ಟಕ್ಕೇ ಹೋಗಬೇಕು ಅಂತೇನೂ ಇಲ್ಲ. ಕೆಲವೊಮ್ಮೆ ಟೆಲಿಸ್ಕೋಪೇ ಫುಟ್‌ಪಾತಿಗೆ ಬರುತ್ತದೆ. ಈ ಪದ್ಧತಿ ಬೆಳೆಸಿದವರು ಜಾನ್ ಡಾಬ್ಸನ್. ಅವರ ಕಥೆ ನಮ್ಮೂರಿನವರಿಗೆ ಗೊತ್ತಿರಬೇಕು ಅಂತ ನನಗೆ ತುಂಬಾ ಆಸೆ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದರು. ರಸಾಯನಶಾಸ್ತ್ರ ಓದಿ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮ ಸೇರಿದರು. ಅಲ್ಲಿದ್ದಾಗಲೇ ಹಡಗಿನ ಕಿಟಕಿಯ ದಪ್ಪ ಗಾಜು ಉಜ್ಜಿ ಉಜ್ಜಿ ಟೆಲಿಸ್ಕೋಪಿಗೆ ಕನ್ನಡಿ ಮಾಡಿದರು. ಅದರಲ್ಲಿ ಚಂದ್ರನನ್ನು ನೋಡಿದ ಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. ಎಲ್ಲರೂ ನೋಡಬೇಕು ಅನ್ನಿಸಿತು. ಟೆಲಿಸ್ಕೋಪು ತಳ್ಳಿಕೊಂಡು ಆಶ್ರಮದಿಂದ ಹೊರಗೆ ಬೀದಿಬೀದಿ ಅಲೆದರು. 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮರುವರ್ಷವೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫುಟ್‌ಪಾತ್ ಖಗೋಳ ವೀಕ್ಷಕರ ಗುಂಪು ಹುಟ್ಟಿತು. ರಟ್ಟಿನ ಕೊಳವೆ, ಹಲಗೆ ಪೆಟ್ಟಿಗೆ, ಕೈಯಲ್ಲಿ ತಳ್ಳಿದರೆ ತಿರುಗುವ ಪೀಠ, ಅಷ್ಟೇ ಅವರ ಸಾಮಾನು. ಇವತ್ತು ಪ್ರಪಂಚದ ಎಲ್ಲ ಕಡೆ ಇದಕ್ಕೆ ಡಾಬ್ಸೋನಿಯನ್ ಅಂತಲೇ ಹೆಸರು. 2014ರಲ್ಲಿ ತೀರಿಕೊಂಡರು.

ಜನವರಿಯ ಒಂದು ರಾತ್ರಿ ಊಟ ಮುಗಿಸಿ ಬರುತ್ತಿದ್ದೆವು. ರಸ್ತೆ ಮೂಲೆಯಲ್ಲಿ ಒಬ್ಬರು ಅಂಥದೇ ಟೆಲಿಸ್ಕೋಪು ಇಟ್ಟುಕೊಂಡು ಹೋಗಿಬರುವವರನ್ನೆಲ್ಲ ಕರೆಯುತ್ತಿದ್ದರು. ಅಮ್ಮ ನನಗಿಂತ ಮೊದಲೇ ಬಗ್ಗಿ ಕಣ್ಣಿಟ್ಟರು. ಒಂದೇ ಒಂದು ಚುಕ್ಕಿ, ಕೆಂಡದ ಬಣ್ಣ. "ಬೀಟಲ್‌ಜ್ಯೂಸ್" ಅಂದರು ಟೆಲಿಸ್ಕೋಪಿನವರು. ನಾನು ಅಮ್ಮನ ಕಿವಿಯಲ್ಲಿ "ಇದೇ ಆರಿದ್ರೆ" ಅಂದೆ.

ಅಮ್ಮ ತಲೆ ಎತ್ತಿ ನನ್ನನ್ನೇ ನೋಡಿದರು. "ಮಳೆ ಆರಿದ್ರೆಯಾ?"

ನಮ್ಮ ಬಯಲುಸೀಮೆಯಲ್ಲಿ ಮಳೆಗೆ ಇರುವ ಹೆಸರೆಲ್ಲ ನಕ್ಷತ್ರದ್ದೇ ಅಲ್ವಾ? ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ. ರಾಗಿ ಬಿತ್ತುವ ಲೆಕ್ಕ ಪೂರ್ತಿ ಅದರಲ್ಲೇ. ಆರಿದ್ರೆ ಹುಯ್ದರೆ ಆರು ಮಳೆ ಹುಯ್ಯುತ್ತೆ ಅಂತ ಅಮ್ಮ ಪ್ರತಿ ವರ್ಷ ಹೇಳುತ್ತಿದ್ದರು. ಆದರೆ ಆಕಾಶದಲ್ಲಿ ಅದು ಯಾವುದು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಕಾರಣ ಇದೆ. ಜೂನ್ 22ರ ಹೊತ್ತಿಗೆ ಸೂರ್ಯ ಆರಿದ್ರೆಯ ಜಾಗಕ್ಕೆ ಬರುತ್ತಾನೆ, ಆಗ ಮಳೆಗೆ ಅದರ ಹೆಸರು. ಸೂರ್ಯನ ಜೊತೆಗೇ ಹುಟ್ಟಿ ಮುಳುಗುವ ಚುಕ್ಕಿ ಕಾಣುವುದು ಹೇಗೆ? ಆರು ತಿಂಗಳು ಕಳೆದು ಚಳಿಗಾಲದಲ್ಲಿ ರಾತ್ರಿಯೆಲ್ಲ ಕಾಣುತ್ತದೆ. ಆಗ ನಾವು ಕಣದ ಕೆಲಸ ಮುಗಿಸಿ ಒಳಗೆ ಮಲಗಿರುತ್ತೇವೆ. ಸೂರ್ಯನ ಜಾಗದಲ್ಲಿ ಅದನ್ನು ಇಟ್ಟರೆ ಭೂಮಿಯನ್ನೂ ನುಂಗಿಬಿಡುವಷ್ಟು ದೊಡ್ಡದು ಅಂತ ಆಮೇಲೆ ಹೇಳಿದೆ. ಅಮ್ಮನಿಗೆ ಅದು ಮುಖ್ಯ ಅನ್ನಿಸಲಿಲ್ಲ. ದಾರಿಯುದ್ದಕ್ಕೂ "ಆರಿದ್ರೆ ನೋಡಿದೆ" ಅನ್ನುತ್ತಲೇ ಬಂದರು.

ಇದೆಲ್ಲ ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಮ್ಮ ಗೌರಿಬಿದನೂರಿನಲ್ಲೇ 1976ರಿಂದ ರೇಡಿಯೋ ದೂರದರ್ಶಕ ಇದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾಲಾಗಿ 1,000 ಆಂಟೆನಾ ನೆಟ್ಟಿದ್ದರು, ಪೂರ್ವದಿಂದ ಪಶ್ಚಿಮಕ್ಕೆ ಒಂದೂಕಾಲು ಕಿಲೋಮೀಟರಿಗೂ ಜಾಸ್ತಿ ಉದ್ದ. ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ಕಂಬಗಳು ಅವು. ಚಿಕ್ಕವನಿದ್ದಾಗ ನಾನು ಅದನ್ನು ದ್ರಾಕ್ಷಿ ಚಪ್ಪರಕ್ಕೆ ನೆಟ್ಟ ಕಂಬ ಅಂದುಕೊಂಡಿದ್ದೆ. ವಿಜ್ಞಾನಿಗಳು ನಮ್ಮ ಹೊಲದ ಪಕ್ಕ ಕೂತು ಸೂರ್ಯನನ್ನು ಆಲಿಸುತ್ತಿದ್ದರು. ನಮಗೆ ಒಂದು ಚುಕ್ಕಿಯ ಗುರುತೂ ಇರಲಿಲ್ಲ. ಓಕ್ಲೆಂಡ್‌ನ ಆಕಾಶ ದೀಪದ ಬೆಳಕಿಗೆ ಬೂದಿ ಬಣ್ಣಕ್ಕೆ ತಿರುಗಿದೆ, ಎಣಿಸಿದರೆ ಐವತ್ತು ಚುಕ್ಕಿ ಸಿಗುವುದು ಕಷ್ಟ. ನಮ್ಮ ಹಳ್ಳಿಯಲ್ಲಿ ಕರೆಂಟ್ ಹೋದ ರಾತ್ರಿ ನೆನಪಿಸಿಕೊಳ್ಳಿ.

ಡಿಸೆಂಬರ್ ಕೊನೆಗೆ ಊರಿಗೆ ಬರುತ್ತಿದ್ದೇನೆ. 6 ಅಂಗುಲದ ಕನ್ನಡಿಯನ್ನು ಬಟ್ಟೆ ನಡುವೆ ಸುತ್ತಿ ತರುತ್ತೇನೆ. ಕೊಳವೆ, ಪೆಟ್ಟಿಗೆ ಊರಿನ ಬಡಗಿ ಹತ್ತಿರವೇ ಮಾಡಿಸಬಹುದು, ಅಳತೆ ಕಳಿಸಿದ್ದೇನೆ. ರಾತ್ರಿ ಎಂಟರ ಹೊತ್ತಿಗೆ ಆರಿದ್ರೆ ಪೂರ್ವದಲ್ಲಿ ಎದ್ದಿರುತ್ತದೆ. ನಮ್ಮ ಮನೆ ಮುಂದಿನ ಬೀದಿಯಲ್ಲೇ ಇಡುವುದು. ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ಮಕ್ಕಳನ್ನು ಕರೆದುಕೊಂಡು ಬನ್ನಿ.

ನಿನ್ನೆ ಅಮ್ಮ ಫೋನ್ ಮಾಡಿದ್ದರು. ಆ ದಿನ ಒಂದೆರಡು ಗಂಟೆ ನಮ್ಮ ಬೀದಿಯ ದೀಪ ಆರಿಸಿಕೊಡಪ್ಪ ಅಂತ ಲೈನ್‌ಮನ್‌ಗೆ ಈಗಲೇ ಹೇಳಿಟ್ಟಿದ್ದಾರಂತೆ. ಅವನೂ ಹೆಂಡತಿ ಮಕ್ಕಳ ಜೊತೆ ಬರುತ್ತಾನಂತೆ.