ಕ್ಯಾಮೆರಾ ಚೌಕಟ್ಟಿನ ಆಚೆ ಉಳಿದ ಆಯಿ

ಮೇ ತಿಂಗಳು ಬಂತೆಂದರೆ ಟಿವಿ ಚಾನೆಲ್‌ಗಳಿಗೆ ಕಲಬುರಗಿ ನೆನಪಾಗುತ್ತದೆ. ಉಳಿದ ತಿಂಗಳುಗಳಲ್ಲಿ ನಮ್ಮ ಸುದ್ದಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಬಂದರೂ ದೊಡ್ಡದು. ಮೇನಲ್ಲಿ ಮಾತ್ರ ಪರದೆ ತುಂಬ ನಾವೇ. ಬೆಂಕಿಯ ಗ್ರಾಫಿಕ್ಸ್, ಎದೆ ಬಡಿದುಕೊಳ್ಳುವಂಥ ಸಂಗೀತ, ಮೇಲೆ ದಪ್ಪ ಅಕ್ಷರದಲ್ಲಿ ನಮ್ಮ ಊರಿನ ಹೆಸರು. ಇಲ್ಲಿ 42, 43 ಡಿಗ್ರಿ ಹೊಸದೇನಲ್ಲ. ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಬಿಸಿಲಿನ ಜೊತೆ ಹೇಗೆ ಬದುಕಬೇಕು ಅಂತ ಊರಿಗೆ ಗೊತ್ತಿದೆ. ಆ ಬದುಕಿನ ಬಗ್ಗೆ ಕೇಳುವವರು ಮಾತ್ರ ಕಡಿಮೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳು ರಜೆಗೆ ನಮ್ಮ ಮನೆಗೆ ಬಂದಿದ್ದಳು. ಬಿ.ಎಸ್ಸಿ. ಓದುತ್ತಾಳೆ. ಕೈಗೆ ಪೆನ್ನು ಸಿಕ್ಕರೆ ಸಾಕು, ಏನಾದರೂ ಬರೆಯುತ್ತಾ ಕೂರುತ್ತಾಳೆ. ಫೋನಿನಲ್ಲಿ ಅವಳು ನೋಡುವುದು ಜಾಸ್ತಿ ಕಾಮಿಕ್ ಸ್ಟ್ರಿಪ್‌ಗಳನ್ನೇ. ಡ್ರಾಯಿಂಗ್ ಹಾಳೆ, ಕಪ್ಪು ಇಂಕು ಬೇಕು ಅಂದಳು. ಬಿಸಿಲು ಏರುವ ಮುಂಚೆ ಬರೋಣ ಅಂತ ಇಬ್ಬರೂ ಸೂಪರ್ ಮಾರ್ಕೆಟ್‌ಗೆ ಹೋದೆವು.

ವಾಪಸ್ ಬರುವಾಗ ಗಡಿಗೆ ಮಾರುವ ಆಯಿಯ ಮುಂದೆ ಜನ ಸೇರಿದ್ದರು. ಒಬ್ಬ ಹುಡುಗ ಮೈಕ್ ಹಿಡಿದಿದ್ದ, ಇನ್ನೊಬ್ಬ ಕ್ಯಾಮೆರಾ. ನಾವೂ ನಿಂತೆವು.

"ಆಯಿ, ಬಿಸಲ ಹೆಂಗದ ಹೇಳ್ರಿ."

"ಬಿಸಲ ಏನ್ ಹೊಸಾದ್ರೀ ಸಾಹೇಬ್ರ? ವರ್ಷಾ ಬರ್ತದ. ನಮ್ಮ ಓಣಿಗಿ ನಳ ನಾಕ್ ದಿನಕ್ಕೊಮ್ಮಿ ಬಿಡ್ತಾರ. ಅದೂ ನಡು ಮಧ್ಯಾಹ್ನ. ಇದೆಲ್ಲಾ ಬಿಟ್ಟು ಕೊಡಾ ಹೊರಲಕ ಓಡಬೇಕು. ಬಂದ ಗಿರಾಕಿ ಹೋಗ್ತಾವ. ಅದು ಹಾಕ್ರಿ ಟಿವಿದಾಗ."

"ಅದು ಬ್ಯಾಡ ಆಯಿ. ಬಿಸಲಿಂದ ಅಷ್ಟೇ ಹೇಳ್ರಿ. ಸೆರಗು ತಲಿ ಮ್ಯಾಲ ಹಾಕ್ಕೊಳ್ರಿ. ತಡಕೊಳ್ಳಲಕ ಆಗವಲ್ದು ಅನ್ರಿ."

ಆಯಿ ಸೆರಗು ಎಳೆದುಕೊಂಡರು. ಆ ಮಾತು ಹೇಳಿದರು. ಬಸ್ಸಿನ ಹಾರ್ನ್ ಬಂತು ಅಂತ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಕ್ಯಾಮೆರಾದ ಹುಡುಗ ಒಂದು ಥರ್ಮಾಮೀಟರ್ ತೆಗೆದು ಡಾಂಬರು ರಸ್ತೆಯ ಮೇಲೆ ಇಟ್ಟ. ಸ್ವಲ್ಪ ಹೊತ್ತಿಗೆ ಅದು 50 ದಾಟಿತು. ಹತ್ತಿರದಿಂದ ಅದನ್ನು ಚಿತ್ರೀಕರಿಸಿಕೊಂಡರು. ಮೈಕಿನ ಹುಡುಗನ ಕಿವಿಯಲ್ಲಿ ಇಯರ್‌ಫೋನ್ ಇತ್ತು. "ಹ್ಞೂಂ ಸರ್, ಐದೇ ನಿಮಿಷ ಸರ್, ಕಳಿಸ್ತೀನಿ ಸರ್" ಅನ್ನುತ್ತಲೇ ಇದ್ದ.

ಊರಿನ ತಾಪಮಾನವನ್ನು ಹಾಗೆ ಅಳೆಯುವುದಿಲ್ಲ. ಹವಾಮಾನ ಇಲಾಖೆಯವರು ಗಾಳಿಯಾಡುವ ಜಾಲಂಧ್ರ ಇರುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ, ನೆರಳಿನಲ್ಲಿ ಥರ್ಮಾಮೀಟರ್ ಇಡುತ್ತಾರೆ. ಅಳೆಯಬೇಕಾಗಿರುವುದು ಗಾಳಿಯ ಬಿಸಿಯನ್ನು. ಬಿಸಿಲಿನಲ್ಲಿ ಡಾಂಬರಿನ ಮೇಲಿಟ್ಟರೆ ಡಾಂಬರಿನ ಬಿಸಿ ಗೊತ್ತಾಗುತ್ತದೆ, ಊರಿನದ್ದಲ್ಲ. ಹಿಂಗಾದರೆ ನಿಜವಾದ 43ಕ್ಕೆ ಬೆಲೆಯೇ ಇರುವುದಿಲ್ಲ. 43 ಡಿಗ್ರಿಯಲ್ಲೇ ಕಟ್ಟಡದ ಕೆಲಸಕ್ಕೆ ಹೋದವರು ತಲೆ ತಿರುಗಿ ಬೀಳುತ್ತಾರೆ. ಅದು ಸುದ್ದಿಗೆ ಸಾಕಾಗುವುದಿಲ್ಲವಾ?

ಸಂಜೆ ಟಿವಿಯಲ್ಲಿ ಬಂತು. ಬೆಂಕಿ, ಸಂಗೀತ, ಐವತ್ತು ದಾಟಿದ ಥರ್ಮಾಮೀಟರ್. ಆಯಿಯ ಮುಖ ಕಂಡು ಮರೆಯಾಯಿತು. ನಳದ ಮಾತು ಇರಲಿಲ್ಲ.

ಅವತ್ತೇ ರಾತ್ರಿ ಅಕ್ಕನ ಮಗಳು ನಾಲ್ಕು ಚೌಕಗಳ ಸ್ಟ್ರಿಪ್ ಬರೆದಳು. ಮೈಕಿನ ಹುಡುಗನಿಗೆ ಮೊಸಳೆಯಷ್ಟು ದೊಡ್ಡ ಬಾಯಿ. ಆಯಿ ಸೆರಗು ಹೊದ್ದು ಬೆವರಿನ ಹೊಳೆಯಲ್ಲಿ ಕೂತಿದ್ದಾರೆ. ಕೊನೆಯ ಚೌಕದಲ್ಲಿ ಗಡಿಗೆಗಳೆಲ್ಲ ಕರಗಿ ಹರಿಯುತ್ತಿವೆ. ಚಿತ್ರ ಚೆನ್ನಾಗಿತ್ತು. ಅವ್ವ ನೋಡಿ ನಕ್ಕಳು. ಆಮೇಲೆ ಕೇಳಿದಳು: "ನೀರಿನ ಮಾತು ಹೇಳಿದ್ಳಂದ್ರಲ್ಲ, ಅದೆಲ್ಲಿ ಹೋಯ್ತವ್ವಾ ಇದ್ರಾಗ?"

ಮಗು ಪೆನ್ನು ಕೆಳಗಿಟ್ಟಳು. ಟಿವಿಯವರು ಬಿಟ್ಟಿದ್ದನ್ನೇ ಅವಳ ಸ್ಟ್ರಿಪ್ಪೂ ಬಿಟ್ಟಿತ್ತು. ಟಿವಿ ತೋರಿಸಿದ ಆಯಿಯನ್ನೇ ಅವಳೂ ತೋರಿಸಿದ್ದಳು, ಸ್ವಲ್ಪ ಜಾಸ್ತಿ ಬೆವರು ಸುರಿಸಿ.

ನಮ್ಮ ಮನೆಯಲ್ಲಿ ಕಾರ್ಟೂನು ಅಂದರೆ ಮೊದಲಿಂದಲೂ ಪ್ರೀತಿ. ಅಪ್ಪ 'ಪ್ರಜಾವಾಣಿ' ಬಿಡಿಸಿದರೆ ಮೊದಲು ಹುಡುಕುತ್ತಿದ್ದದ್ದು 'ಚಿನಕುರಳಿ'. ಅದನ್ನು ನೋಡಿ ಒಮ್ಮೆ ಮೂಗಿನಲ್ಲಿ ನಕ್ಕು, ಆಮೇಲೆ ದೊಡ್ಡ ಸುದ್ದಿಗೆ ಬರುತ್ತಿದ್ದರು. ಆ ರಾತ್ರಿ ನಾನು ಕಪಾಟಿನಿಂದ ಆರ್.ಕೆ. ಲಕ್ಷ್ಮಣ್ ಅವರ ಪುಸ್ತಕ ತೆಗೆದೆ. ಲಕ್ಷ್ಮಣ್ ಮೈಸೂರಿನವರು. ರಾಶಿಯವರು 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಯಲ್ಲಿ ಚಿತ್ರ ಬರೆದವರು. 1951ರಿಂದ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಅವರ ಪುಟ್ಟ ಕಾರ್ಟೂನು ಬರತೊಡಗಿತು. ಚೌಕಳಿ ಕೋಟು, ಧೋತರ, ಕನ್ನಡಕದ ಶ್ರೀಸಾಮಾನ್ಯ ಅದರಲ್ಲಿ ಒಂದು ಮೂಲೆಯಲ್ಲಿ ನಿಂತಿರುತ್ತಾನೆ. ಒಂದು ಮಾತೂ ಆಡುವುದಿಲ್ಲ. ಆದರೆ ನಗೆ ಅವನ ಮೇಲೆ ಬೀಳುವುದೇ ಇಲ್ಲ. ಬೀಳುವುದು ಅವನ ಮುಂದೆ ಭಾಷಣ ಮಾಡುವವರ ಮೇಲೆ. ಇದನ್ನು ನೋಡು, ಅಂದೆ. ಅವನು ಎಲ್ಲಿ ನಿಂತಿದ್ದಾನೆ, ಯಾರನ್ನು ನೋಡುತ್ತಿದ್ದಾನೆ, ಅದಷ್ಟನ್ನೇ ನೋಡು.

ಅವಳು ತನ್ನ ಫೋನು ತೆಗೆದಳು. ಹೋರ್ಹೆ ಚಾಮ್ ಅನ್ನುವವರು 2009ರಲ್ಲಿ ಬರೆದ ಒಂದು ವೆಬ್ ಸ್ಟ್ರಿಪ್ ತೋರಿಸಿದಳು. ವಿಜ್ಞಾನಿ ಹೇಳುವುದು ಇಷ್ಟೇ: 'ಎ'ಗೂ 'ಬಿ'ಗೂ ಏನೋ ಸಂಬಂಧ ಇದೆ, ಆದರೆ ಇಂತಿಂಥ ಷರತ್ತುಗಳಿವೆ. ವಿಶ್ವವಿದ್ಯಾಲಯದ ಪ್ರಚಾರ ವಿಭಾಗಕ್ಕೆ ಬರುವಷ್ಟರಲ್ಲಿ ಷರತ್ತುಗಳು ಸಣ್ಣದಾಗುತ್ತವೆ. ಸುದ್ದಿ ಸಂಸ್ಥೆ, ಇಂಟರ್ನೆಟ್, ಟಿವಿ ದಾಟುವಷ್ಟರಲ್ಲಿ 'ಎ' ಕೊಲೆಗಾರನಾಗಿರುತ್ತದೆ. ಕೊನೆಗೆ ಸುದ್ದಿ ತಲುಪುವುದು ಅದೇ ವಿಜ್ಞಾನಿಯ ಅಜ್ಜಿಗೆ. ಅಜ್ಜಿ 'ಎ' ತಾಗಬಾರದು ಅಂತ ತಲೆಗೆ ಏನೋ ಕಟ್ಟಿಕೊಂಡು ಕೂತಿರುತ್ತಾಳೆ.

ನನಗೆ 2020ರ ಮಾರ್ಚ್ ನೆನಪಾಯಿತು. ದೇಶದಲ್ಲೇ ಕೊರೊನಾದ ಮೊದಲ ಸಾವು ನಮ್ಮ ಊರಿನವರದ್ದು. 76 ವರ್ಷದ ಹಿರಿಯರು ತೀರಿಕೊಂಡಿದ್ದು ಮಾರ್ಚ್ 10ಕ್ಕೆ, ಸೋಂಕು ಖಚಿತವಾಗಿದ್ದು 12ಕ್ಕೆ. ಆ ಎರಡು ಸಾಲಿನ ಸುದ್ದಿ ಕೈಯಿಂದ ಕೈಗೆ, ಫೋನಿನಿಂದ ಫೋನಿಗೆ ಬೆಳೆಯುತ್ತಾ ಹೋಯಿತು. ಬೇರೆ ಊರಿನ ನೆಂಟರು ಫೋನ್ ಮಾಡಿ, ಅಲ್ಲಿ ಹೆಣ ಎತ್ತಲು ಜನ ಇಲ್ಲವಂತೆ ಹೌದಾ ಅಂತ ಕೇಳಿದರು. ಕಲಬುರಗಿಯವರು ಅಂತ ತಿಳಿದರೆ ದೂರ ಸರಿಯುವವರೂ ಇದ್ದರು. ಅವ್ವ ಅಂಗಳದಲ್ಲಿ ಬೇವಿನ ಸೊಪ್ಪು ಕಟ್ಟಿದ್ದಳು. ಆ ಸ್ಟ್ರಿಪ್ಪಿನ ಕೊನೆಯ ಚೌಕದ ಅಜ್ಜಿ ಅವಳೇ. ಆದರೂ ಅದನ್ನು ನೋಡುವಾಗ ನಮಗೆ ಅಜ್ಜಿಯ ಮೇಲೆ ಸಿಟ್ಟು ಬರುವುದಿಲ್ಲ, ಅಲ್ವಾ? ಅವಳ ತನಕ ಸುದ್ದಿ ಹೇಗೆ ಬಂತು ಅನ್ನುವುದನ್ನು ಹಂತ ಹಂತವಾಗಿ ತೋರಿಸಿದ್ದಾರೆ. ಅದಕ್ಕೇ ಆ ಸ್ಟ್ರಿಪ್ ನನಗೆ ಅಷ್ಟು ಇಷ್ಟ.

ರ್‍ಯಾಂಡಲ್ ಮನ್ರೋ ಅವರ ಎಕ್ಸ್‌ಕೆಸಿಡಿ ಅನ್ನುವ ವೆಬ್ ಕಾಮಿಕ್‌ನಲ್ಲೂ ಅಂಥದ್ದೊಂದಿದೆ. ಮಿಠಾಯಿಗೂ ಮೊಡವೆಗೂ ಸಂಬಂಧ ಇದೆಯಾ ಅಂತ 20 ಬಣ್ಣದ ಮಿಠಾಯಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾರೆ. 19ರಲ್ಲಿ ಏನೂ ಇಲ್ಲ. ಹಸಿರಿನಲ್ಲಿ ಮಾತ್ರ ಸಂಬಂಧ ಕಾಣುತ್ತದೆ. ಮರುದಿನ ಮುಖಪುಟದಲ್ಲಿ ಹಸಿರು ಮಿಠಾಯಿಯದ್ದೇ ಸುದ್ದಿ. ಇಪ್ಪತ್ತು ಸಲ ನೋಡಿದರೆ ಒಂದು ಸಲ ಸುಮ್ನೆ ಹಾಗೆ ಕಾಣುವ ಸಾಧ್ಯತೆ ಇರುತ್ತದೆ ಅಂತ ಅವಳು ಅವ್ವನಿಗೆ ತಿಳಿಸಿ ಹೇಳಿದಳು. ಉಳಿದ 19ರ ಬಗ್ಗೆ ಪತ್ರಿಕೆ ಸುಮ್ಮನಿದೆ. ನಕ್ಕ ಮೇಲೆ ಓದುಗ ಮುಂದಿನ ಸಲ ಪೇಪರ್ ಹಿಡಿದಾಗ ಉಳಿದ 19 ಎಲ್ಲಿ ಅಂತ ಕೇಳುತ್ತಾನೆ. ಒಂದು ಸ್ಟ್ರಿಪ್ ಅಷ್ಟು ಮಾಡಿದರೆ ನಾನು ಅದನ್ನು ಪತ್ರಿಕೋದ್ಯಮ ಅಂತಲೇ ಕರೆಯುತ್ತೇನೆ.

ಮಾತಾಡುತ್ತಲೇ ಅವಳಿಗೆ ಒಂದು ದಾರಿ ಹೊಳೆಯಿತು. ಪ್ರತಿ ಚೌಕದ ಒಳಗೆ ಇನ್ನೊಂದು ಸಣ್ಣ ಚೌಕ ಬರೆದಳು. ಒಳಗಿನದು ಕ್ಯಾಮೆರಾಕ್ಕೆ ಕಾಣುವಷ್ಟು. ಮೊದಲ ಚೌಕದಲ್ಲಿ ಆಯಿ ಇಡಿಯಾಗಿದ್ದಾರೆ, ಪಕ್ಕದಲ್ಲಿ ಖಾಲಿ ಕೊಡ, ಆಚೆ ಒಣಗಿದ ನಳ. ಒಳಚೌಕ ಅವರ ಮುಖಕ್ಕೆ ಮಾತ್ರ. ಎರಡನೆಯದರಲ್ಲಿ ಆಯಿ ನಳದ ಮಾತು ಹೇಳುತ್ತಾರೆ, ಅವರ ಮಾತಿನ ಗುಳ್ಳೆಯನ್ನು ಒಳಚೌಕದ ಗೆರೆ ಕತ್ತರಿಸಿದೆ. ಮೂರನೆಯದರಲ್ಲಿ ಒಳಚೌಕ ಡಾಂಬರಿನ ಮೇಲಿನ ಥರ್ಮಾಮೀಟರ್‌ಗೆ ಇಳಿದಿದೆ. ಹಿಂದೆ ಆಯಿ ಕೊಡ ಎತ್ತಿಕೊಂಡು ಹೊರಟಿದ್ದಾರೆ. ನಾಲ್ಕನೆಯದರಲ್ಲಿ ಒಂದು ಮನೆ, ಟಿವಿ, ಮಂದಿ. ಒಳಚೌಕವೇ ಈಗ ಟಿವಿ ಆಗಿದೆ. ಆ ಮನೆಯ ಕಿಟಕಿಯಾಚೆ ಆಯಿ ಕೊಡ ಹೊತ್ತು ಹೋಗುತ್ತಿದ್ದಾರೆ, ಯಾರೂ ನೋಡುತ್ತಿಲ್ಲ.

ನೋಡಿ ನನಗೆ ಮೈ ಜುಮ್ಮೆಂದಿತು. ಲೇಖನ ಬರೆದರೆ ಹೀಗೆ ಹೇಳಲು ಅರ್ಧ ಪುಟ ಬೇಕು, ಆದರೂ ಎರಡೂ ಒಟ್ಟಿಗೆ ಕಾಣುವುದಿಲ್ಲ. ಸ್ಟ್ರಿಪ್ಪಿಗೆ ಅದು ಸಾಧ್ಯ. ಕ್ಯಾಮೆರಾ ತೋರಿಸಿದ್ದು, ಬಿಟ್ಟಿದ್ದು, ಎರಡನ್ನೂ ಒಂದೇ ನೋಟಕ್ಕೆ ಇಡಬಹುದು.

ಆಯಿಗೆ ತೋರಿಸದೆ ಎಲ್ಲೂ ಹಾಕಬೇಡ ಅಂತ ಅವ್ವ ಹಟ ಹಿಡಿದಳು. ಅದೂ ಸರಿಯೇ. ಬೆಳಿಗ್ಗೆ ಪ್ರಿಂಟ್ ತೆಗೆಸಿಕೊಂಡು ಹೋದೆವು. ಆಯಿಗೆ ಓದಲು ಬರುವುದಿಲ್ಲ. ಹಾಳೆಯನ್ನು ಒಂದು ರಂಜಣಗಿಯ, ಅಂದರೆ ದೊಡ್ಡ ಗಡಿಗೆಯ ಮೇಲಿಟ್ಟು, ಬೆರಳಿನಿಂದ ಒಂದೊಂದೇ ಚೌಕ ಮುಟ್ಟುತ್ತಾ ನೋಡಿದರು. ನಾವು ಏನೂ ವಿವರಿಸಲಿಲ್ಲ.

"ಒಂದ ಕೊಡಾ ಬರ್ದೀಯಲ್ಲ ತಂಗೀ. ನಾ ಎರಡು ಹೊರ್ತೀನಿ. ತಲಿ ಮ್ಯಾಲ ಒಂದು, ಟೊಂಕದ ಮ್ಯಾಲ ಒಂದು."

ಅವಳು ಅಲ್ಲೇ ಗುರುತು ಹಾಕಿಕೊಂಡಳು. ಆಯಿ ಮತ್ತೆ ಮೊದಲ ಚೌಕಕ್ಕೆ ಬಂದರು. ಮೈಕಿನ ಹುಡುಗನ ಮುಖದ ಮೇಲೆ ಬೆರಳಿಟ್ಟರು. ಆ ಮೊಸಳೆ ಬಾಯಿ ಇನ್ನೂ ಹಾಗೇ ಇತ್ತು.

"ಈ ಹುಡುಗನ ಮಾರಿ ಯಾಕ ಹಿಂಗ ಮಾಡಿದಿ? ಪಾಪ, ಅವನೂ ಬಿಸಲಾಗೇ ನಿಂತಿದ್ದ. ನೀರ್ ಕೊಟ್ಟೆ, ಗಟಗಟ ಕುಡದ. ಕಿವ್ಯಾಗ ಯಾರೋ ಬೈಲಕತ್ತಿದ್ರು ಅವನಿಗಿ."

ಅದನ್ನು ನಾವೂ ಕೇಳಿದ್ದೆವು. 'ಐದೇ ನಿಮಿಷ ಸರ್.' ದೂರದ ಆಫೀಸಿನಲ್ಲಿ ಬೆಂಕಿಯ ಗ್ರಾಫಿಕ್ಸ್ ಮೊದಲೇ ರೆಡಿಯಾಗಿ ಕೂತಿತ್ತು. ಅದಕ್ಕೆ ಹೊಂದುವ ಮುಖ, ಹೊಂದುವ ಮಾತು ಬೇಕಾಗಿತ್ತು ಅಷ್ಟೇ. ಜಿಲ್ಲೆಯಲ್ಲಿ ನಿಂತು ಸುದ್ದಿ ಕಳಿಸುವ ಹುಡುಗರ ಪಾಡು ಇಲ್ಲಿ ಗೊತ್ತಿರದವರು ಯಾರೂ ಇಲ್ಲ. ಬೆಣ್ಣೆತೊರಾದಿಂದ, ಭೀಮಾದಿಂದ ಬರುವ ನೀರು ಆಯಿಯ ಓಣಿಗೆ ಯಾಕೆ ನಾಲ್ಕು ದಿನಕ್ಕೊಮ್ಮೆ ಬರುತ್ತದೆ ಅಂತ ಕೇಳಿ ಬರಲು ಅವನಿಗೆ ಒಂದು ದಿನ ಬೇಕು. ಆ ಒಂದು ದಿನವನ್ನು ಅವನಿಗೆ ಯಾರೂ ಕೊಡುವುದಿಲ್ಲ.

ಮೊಸಳೆ ಬಾಯಿ ಹೋಯಿತು. ಹೊಸ ಚಿತ್ರದಲ್ಲಿ ಅವನು ಒಬ್ಬ ಸೋತ ಹುಡುಗ. ಅವನ ಇಯರ್‌ಫೋನಿನ ತಂತಿ ಚೌಕದಿಂದ ಚೌಕಕ್ಕೆ ಉದ್ದವಾಗುತ್ತಾ, ಕೊನೆಯ ಚೌಕದ ಟಿವಿಯ ಹಿಂದಕ್ಕೆ ಹೋಗಿ ಸೇರುತ್ತದೆ. ಟಿವಿಯೊಳಗಿಂದ ಒಂದು ಗುಳ್ಳೆ: 'ಬೆಂಕಿ ರೆಡಿ ಇದೆ, ಬೈಟ್ ಎಲ್ಲಿ?' ಆಯಿಯ ಸೊಂಟದ ಮೇಲೆ ಎರಡನೆಯ ಕೊಡವೂ ಬಂತು. ಅದನ್ನೇ ಅವಳು ತನ್ನ ಇನ್‌ಸ್ಟಾಗ್ರಾಮ್ ಪುಟಕ್ಕೆ ಹಾಕಿದಳು. ಒಂದು ಪ್ರತಿ ಆಯಿಗೂ ಕೊಟ್ಟು ಬಂದೆವು.

ಥರ್ಮಾಮೀಟರ್ ಬಗ್ಗೆಯೇ ಬೇರೆ ಸ್ಟ್ರಿಪ್ ಬರೆಯಬೇಕು ಅಂತ ಈಗ ಹಟ ಹಿಡಿದಿದ್ದಾಳೆ. ಆ ಬಿಳಿ ಪೆಟ್ಟಿಗೆಯನ್ನು ಕಣ್ಣಾರೆ ನೋಡದೆ ಬರೆಯುವುದಿಲ್ಲವಂತೆ. ಜಾಲಂಧ್ರದ ಪಟ್ಟಿಗಳು ಯಾವ ಕಡೆ ವಾಲಿರುತ್ತವೆ, ಬಾಗಿಲು ಯಾವ ದಿಕ್ಕಿಗೆ ತೆರೆಯುತ್ತದೆ, ಎಲ್ಲ ಗೊತ್ತಾಗಬೇಕಂತೆ. ಒಳಗೆ ಬಿಡಲು ಯಾರನ್ನು ಕೇಳಬೇಕು ಅಂತ ನಾನು ವಿಚಾರಿಸುತ್ತಿದ್ದೇನೆ.