ಕಡಮತ್‌ಗೆ ಹೊರಟವರಿಗೆ

ಲಕ್ಷದ್ವೀಪದ ಕಡಮತ್‌ಗೆ ಆರಾಮವಾಗಿ ಇರೋಕೆ ಹೋಗೋರು ಮಳೆಗಾಲ ಬಿಟ್ಟುಬಿಡಿ, ಆಗ ದೋಣಿ ಓಡಾಟವನ್ನ ನೆಚ್ಚಿಕೊಳ್ಳೋ ಹಾಗಿಲ್ಲ. ಪ್ರವೇಶ ಪರವಾನಗಿ ಬೇಕೇ ಬೇಕು. ಕೊಚ್ಚಿಯಿಂದ ಹಡಗು, ಇಲ್ಲಾಂದ್ರೆ ಅಗತ್ತಿ ದ್ವೀಪಕ್ಕೆ ವಿಮಾನ, ಅಲ್ಲಿಂದ ದೋಣಿ. ವಾಂತಿಯ ಮಾತ್ರೆಯನ್ನ ಹತ್ತೋದಕ್ಕೆ ಒಂದು ಗಂಟೆ ಮೊದಲೇ ನುಂಗಿ. ಹೊಟ್ಟೆ ತೊಳಸೋಕೆ ಶುರುವಾದ ಮೇಲೆ ಮಾತ್ರೆ ಒಳಗೆ ನಿಲ್ಲಲ್ಲ.

ಲಗೂನಿನಲ್ಲಿ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು) ಸ್ನಾರ್ಕೆಲ್ ಮಾಡುವಾಗ, ಅಂದ್ರೆ ಮಾಸ್ಕ್, ಉಸಿರುಕೊಳವೆ ಹಾಕ್ಕೊಂಡು ಮುಖ ಕೆಳಗೆ ಮಾಡಿ ಈಜುವಾಗ, ಮಾಸ್ಕಿಗೆ ನೀರು ನುಗ್ಗಿದ್ರೆ ಎಲ್ಲರೂ ಪಟ್ಟಿ ಬಿಗಿ ಮಾಡ್ತಾರೆ. ಅದರಿಂದ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತೆ. ಸಾಮಾನ್ಯವಾಗಿ ಕಾರಣ ಹಣೆಯ ಕೂದಲು, ಒಂದೆಳೆ ಸಿಕ್ಕಿಕೊಂಡ್ರೂ ಸಾಕು. ಮೀಸೆ ಇದ್ದೋರಿಗೆ ಮೂಗಿನ ಕೆಳಗೂ ಸೋರುತ್ತೆ. ಕೂದಲು ಹಿಂದೆ ಸರಿಸಿ, ಪಟ್ಟಿ ಹಾಕದೆ ಮಾಸ್ಕನ್ನ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೀರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತ್ರೆ ಅಳತೆ ಸರಿ. ಸಮುದ್ರದ ಇಳಿತದ ಹೊತ್ತಲ್ಲಿ ಹವಳದ ಮೇಲೆ ಈಜಬೇಡಿ: ಮೊಣಕಾಲು ತಾಗಿದ್ರೆ ಹವಳ ಮುರಿಯುತ್ತೆ, ನಿಮ್ಮ ಗಾಯವೂ ಬೇಗ ಮಾಯಲ್ಲ. ಬೆನ್ನು ಸುಡದಿರೋಕೆ ತುಂಬುತೋಳಿನ ಟೀ ಶರ್ಟ್ ಹಾಕ್ಕೊಳ್ಳಿ.

ಸ್ನಾನಕ್ಕೆ ಒಂದು ಬಕೆಟ್ ನೀರು ಸಾಕು ಅನ್ಕೊಳ್ಳಿ, ದಯವಿಟ್ಟು. ಹವಳದ ಮರಳಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತೆ. ಜಾಸ್ತಿ ಎಳೆದ್ರೆ ಉಪ್ಪು ಮೇಲೇರಿ ಊರವರ ಬಾವಿಯೇ ಕೆಡುತ್ತೆ.

1956ರವರೆಗೆ ಅಮಿನಿ, ಕಿಲ್ತಾನ್, ಚೆಟ್ಲತ್ ದ್ವೀಪಗಳ ಜೊತೆ ಈ ಕಡಮತ್ತೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಇಲ್ಲಿನ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರ್ತಿತ್ತು. ನಮ್ಮದೇ ಜಿಲ್ಲೆಯಾಗಿದ್ದ ಊರಿಗೆ ಹೋಗುವಾಗ ನೆಂಟರ ಮನೆಗೆ ಹೋದಷ್ಟಾದರೂ ಜೋಪಾನ ಇರಬೇಕಲ್ವಾ ಅನ್ಸುತ್ತೆ.