ಪರದೆ ಮೇಲಿನ ಕಪ್ಪು ಗುಳ್ಳೆ

ಹೆರಿಗೆಯ ಡೇಟು ದಾಟಿ ಎಂಟು ದಿನವಾಗಿತ್ತು. ನೋವಿನ ಸುಳಿವೇ ಇಲ್ಲ. ಜೀರಿಗೆ ಕಷಾಯ ಕುಡಿಸಿ ಕುಡಿಸಿ ಅಮ್ಮನಿಗೂ ಸಾಕಾಗಿತ್ತು.

ಅಡ್ಮಿಟ್ ಆದ ಬೆಳಿಗ್ಗೆ ಮೇಡಂ ಪರೀಕ್ಷೆ ಮಾಡಿದರು. ಗರ್ಭಕೋಶದ ಬಾಯಿ ಇನ್ನೂ ಗಟ್ಟಿ, ಸಾಲದ್ದಕ್ಕೆ ಹಿಂದಕ್ಕೆ ತಿರುಗಿದೆ. ಬಾಯಿ ಹೆರಿಗೆಗೆ ಎಷ್ಟು ಸಿದ್ಧವಾಗಿದೆ ಅಂತ ಕೊಡುವ ಅಂಕ, ಬಿಷಪ್ ಸ್ಕೋರ್, 13ಕ್ಕೆ 3. ಶಾಲೆಯಲ್ಲೂ ಇಷ್ಟು ಕಡಿಮೆ ತೆಗೆದವಳಲ್ಲ ನಾನು! ಬಾಯಿ ಮೆತ್ತಗಾಗದೆ ನೋವು ಬರಿಸುವ ಡ್ರಿಪ್ ಹಾಕಿದರೆ ಉಪಯೋಗ ಕಡಿಮೆ, ಮೊದಲು ಬಲೂನ್ ಹಾಕೋಣ ಅಂದರು. ಬಲೂನ್ ಅಂದರೆ ಮೂತ್ರಕ್ಕೆ ಹಾಕುವ ಅದೇ ಫೋಲಿ ಟ್ಯೂಬು. ತುದಿಯನ್ನು ಬಾಯಿ ದಾಟಿಸಿ ಅಲ್ಲಿರುವ ಗುಳ್ಳೆಗೆ ಸಲೈನ್ ತುಂಬುತ್ತಾರೆ. ಅದು ಒಳಗಿನಿಂದ ಒತ್ತಿ ಬಾಯಿಯನ್ನು ನಿಧಾನಕ್ಕೆ ಬಿಡಿಸುತ್ತದೆ.

ಹೇಳಿದಷ್ಟು ಸುಲಭವಾಗಲಿಲ್ಲ. ಚಿಕ್ಕ ಡಾಕ್ಟರು ಒಳಗೆ ಕಾಣುವಂತೆ ಅಗಲಿಸಿ ಹಿಡಿಯುವ ತಣ್ಣನೆಯ ಸ್ಪೆಕ್ಯುಲಮ್ ಹಾಕಿ ಎರಡು ಸಲ ಪ್ರಯತ್ನಿಸಿದರು. ಎರಡು ಸಲವೂ ಟ್ಯೂಬು ಮಡಚಿಕೊಂಡು ವಾಪಸ್ ಬಂತು. ಸಿಸ್ಟರ್ ಕೈ ಹಿಡಿದು ಅತ್ತುಬಿಟ್ಟೆ.

ಆಗ ಮೇಡಂ ಸ್ಕ್ಯಾನ್ ಮಿಷಿನ್ ತರಿಸಿದರು. ಅದಕ್ಕೂ ಒಂದು ಸಹಿ: ಮಗು ಗಂಡೋ ಹೆಣ್ಣೋ ತಿಳಿಯುವ ಇಷ್ಟವಿಲ್ಲ ಅಂತ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ, ಸರಿಯೇ. ಆದರೂ ನಾಳೆಯೋ ನಾಡಿದ್ದೋ ಕಣ್ಣಾರೆ ನೋಡುವವಳ ಹತ್ತಿರ!

ಹೊಟ್ಟೆಗೆ ಜೆಲ್ ಬಿತ್ತು. ಪರದೆಯನ್ನು ನನ್ನ ಕಡೆಗೂ ತಿರುಗಿಸಿದರು. ಮೇಲೆ ಬಿಳಿ ಕಮಾನಿನ ಹಾಗೆ ಮಗುವಿನ ತಲೆ, ಅದರ ಕೆಳಗೆ ಗರ್ಭಕೋಶದ ಬಾಯಿ. ಟ್ಯೂಬು ಎರಡು ಸಣ್ಣ ಬಿಳಿ ಗೆರೆಯಾಗಿ ಮೇಲಕ್ಕೆ ಹತ್ತಿತು. ‘ಸ್ವಲ್ಪ ಹಿಂದಕ್ಕೆ ಓರೆ ಮಾಡಿ... ಹಾಂ, ದಾಟಿತು.’ ಸಲೈನ್ ಹೋದ ಹಾಗೆ ತಲೆಯ ಕೆಳಗೇ ಒಂದು ಕಪ್ಪು ಗುಳ್ಳೆ ಉಬ್ಬಿತು. ನೀರು ಸ್ಕ್ಯಾನಿನಲ್ಲಿ ಕಪ್ಪಗೇ ಕಾಣುವುದಂತೆ. ಒಟ್ಟು 60 ಎಂ.ಎಲ್. ನೋವು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಏನು ನಡೀತಿದೆ ಅಂತ ಕಾಣುತ್ತಿತ್ತಲ್ಲ, ಮೈ ಬಿಗಿ ಹಿಡಿಯುವುದನ್ನೇ ಮರೆತಿದ್ದೆ.

‘ಮೊದಲೇ ಇದನ್ನ ತರಬಾರದಿತ್ತಾ ಮೇಡಂ?’ ಕೇಳಿಯೇಬಿಟ್ಟೆ. ಹೆಚ್ಚಿನವರಿಗೆ ಇದು ಬೇಕಾಗಲ್ಲಮ್ಮ ಅಂದರು. ಇರಬಹುದು. ಎರಡನೇ ಸಲಕ್ಕೆ ಮುಂಚೆ ತರಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಟ್ಯೂಬನ್ನು ಎಳೆದು ತೊಡೆಗೆ ಪ್ಲಾಸ್ಟರ್ ಹಚ್ಚಿದರು. ಹೊರಗೆ ಅಮ್ಮ ಪಿಸುಗುಟ್ಟಿದಳು: ‘ಅಷ್ಟೆಲ್ಲ ಕಾಣಿಸ್ತಲ್ಲ, ಮತ್ತೇನೂ ಕಾಣಿಸಲಿಲ್ವೇನೇ?’

ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನಲ್ಲಿ ಏನೋ ಜಾರಿ ಬಿತ್ತು. ಹೆದರಿ ಕೂಗಿದೆ. ಸಿಸ್ಟರ್ ಬಂದು ನೋಡಿ ನಕ್ಕರು. ‘ಬಲೂನ್ ಕಣಮ್ಮಾ. ಬಾಯಿ ಬಿಟ್ಟಿದೆ. ಹೋಗಿ ಮಲಗು, ಬೆಳಿಗ್ಗೆ ಡ್ರಿಪ್ ಇದೆ.’